ಕಠ್ಮಂಡುವಿನಿಂದ ತಂದ ಕಾಜಾ ಡಬ್ಬಿ

ಕಾಜಾ ಅಂದರೆ ಅಂಗಿಯ ಗುಂಡಿ ತೂರಿಸುವ ಸೀಳು. ಆ ಸೀಳಿನ ಸುತ್ತ ದಾರದ ಅಂಚು ಕಟ್ಟದಿದ್ದರೆ ಎರಡು ಸಲ ಒಗೆಯುವಷ್ಟರಲ್ಲಿ ಬಟ್ಟೆ ಬಿಚ್ಚಿಕೊಂಡು ಹೋಗುತ್ತದೆ. ಎಪ್ಪತ್ತರ ದಶಕದ ಒಂದು ವರ್ಷ ಇಂಡಿ ಊರಿನ ನಮ್ಮ ಹೊಲಿಗೆ ಕ್ಲಾಸಿನ ಕೈಯಿಂದ ಹಾಸ್ಟೆಲ್ ಹುಡುಗರ ಅಂಗಿಯ ಕೆಲಸ ತಪ್ಪಿಹೋಗುವಂತಾದದ್ದು ಈ ಕಾಜಾದಿಂದಲೇ.

ಕ್ಲಾಸಿನಲ್ಲಿ ಹನ್ನೊಂದು ಹೆಂಗಸರು, ಕಾಲಿನಿಂದ ತುಳಿಯುವ ನಾಲ್ಕು ಮಶೀನು, ಮತ್ತು ಕಲಿಸುವವಳು ನಾನು. ಕತ್ತರಿಸುವುದು, ಜೋಡಿಸುವುದು, ಕಾಲರು ಕೂಡಿಸುವುದು ಎಲ್ಲವೂ ಸರಸರ ಆಗುತ್ತಿತ್ತು. ಕಾಜಾ ಮಾತ್ರ ಕೈಹೊಲಿಗೆ, ಅದೂ ಒಬ್ಬರ ಕೈಯಲ್ಲಿ. ಅವರನ್ನು ಎಲ್ಲರೂ ಆಪಾ ಎಂದು ಕರೆಯುತ್ತಿದ್ದೆವು. ನಲವತ್ತೈದರ ಹೆಂಗಸು. ಅವರ ಕಾಜಾ ನೋಡಿದರೆ ಅಂಗಿ ತೊಟ್ಟವರು ಗುಂಡಿ ಹಾಕದೆ ಬಿಚ್ಚಿಕೊಂಡೇ ತಿರುಗಬೇಕು, ಅಷ್ಟು ಚೆಂದ. ಆದರೆ ಆ ವರ್ಷ ಅವರ ಕಣ್ಣು ಮಬ್ಬಾಯಿತು. ಸೂಜಿಗೆ ದಾರ ಪೋಣಿಸಲು ಪಕ್ಕದವರನ್ನು ಕರೆಯತೊಡಗಿದರು. ದಿನಕ್ಕೆ ಐವತ್ತು ಕಾಜಾ ಮಾಡುತ್ತಿದ್ದವರು ಹದಿನೈದಕ್ಕೆ ಇಳಿದರು. ಅವರನ್ನು ಬದಿಗೆ ಸರಿಸಿ ಬೇರೆಯವರಿಗೆ ಕೊಡಲು ನನಗೆ ಬಾಯಿ ಬರಲಿಲ್ಲ. ಸಾಲೆ ಶುರುವಾಗಿ ಇಪ್ಪತ್ತು ದಿನ ಕಳೆದ ಮೇಲೆ ನಾವು ಅಂಗಿ ಕೊಟ್ಟೆವು, ಮರುವರ್ಷದ ಕೆಲಸ ಸೊಲ್ಲಾಪುರದ ಒಬ್ಬ ಟೇಲರನ ಪಾಲಾಗುವುದು ಬಹುತೇಕ ಖಾತ್ರಿಯಾಯಿತು.

ನಾನು ಬಿಡಲಿಲ್ಲ. ಹಾಸ್ಟೆಲ್ಲಿನ ಬಟ್ಟೆಯ ಕೆಲಸ ಹಂಚುವ ಸಾಹೇಬರ ಬಾಗಿಲಿಗೆ ಮೂರು ಸಲ ಅಲೆದೆ. ಮೂರನೆಯ ಸಲ ಅವರು ಬೇಸತ್ತು ಒಂದು ಷರತ್ತು ಹಾಕಿದರು.

"ನೋಡ್ರಿ ಅಕ್ಕೋರ, ಏಪ್ರಿಲ್ ಕಡೀ ವಾರದಾಗ ಐವತ್ತು ಅಂಗಿ ಅರಬಿ ಕೊಡ್ತೇನಿ. ನಾಕು ದಿನದಾಗ ಕಾಜಾ ಸಮೇತ ಹೊಲದು ತರ್ರಿ. ತಂದ್ರ ಕೆಲಸಾ ನಿಮ್ದು. ಆಗಲಿಲ್ಲ ಅಂದ್ರ ಮತ್ತ ನನ್ನ ಬಾಗಲಾ ಬಡೀಬ್ಯಾಡ್ರಿ."

ಐವತ್ತು ಅಂಗಿ ಎಂದರೆ ಮುನ್ನೂರು ಕಾಜಾ. ನಮ್ಮ ಕಡೆ ಸಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಆ ಮರ್ಯಾದೆಯ ಮಾತನ್ನು ಕೇಳಿಕೊಂಡು ನಾನು ಕಾಜಾದ ಲೆಕ್ಕ ಹಾಕುತ್ತ ಹೊರಬಂದೆ.

ದಾರ ತರಲು ಸೊಲ್ಲಾಪುರಕ್ಕೆ ಹೋದಾಗ ಆ ಟೇಲರನ ಅಂಗಡಿಯ ಮುಂದೆ ಬೇಕೆಂದೇ ನಿಂತೆ. ಅವನ ಮಶೀನಿನಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ ಜಾಗಕ್ಕೆ ಮುಷ್ಟಿಯಷ್ಟು ದೊಡ್ಡ ಒಂದು ಉಕ್ಕಿನ ಡಬ್ಬಿ ಸ್ಕ್ರೂ ಹಾಕಿ ಕೂತಿತ್ತು. ಅವನು ಬಟ್ಟೆಗೆ ಕೈ ಹಚ್ಚದೆ ಬರೀ ಕಾಲು ತುಳಿಯುತ್ತಿದ್ದ. ಡಬ್ಬಿಯೇ ಬಟ್ಟೆಯನ್ನು ಕಚ್ಚಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸುತ್ತ, ಸುತ್ತು ಹಾಕಿಸಿ ಮೂರು ನಿಮಿಷದಲ್ಲಿ ಒಂದು ಕಾಜಾ ಮುಗಿಸಿತು. ಜಪಾನಿನದಂತೆ. ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಅವನು ನಕ್ಕು, "ಕಠ್ಮಂಡುಕ್ಕ ಹೋಗ್ರಿ ಬಾಯಿ, ಅಲ್ಲಿ ಸಿಗ್ತದ," ಎಂದ. ಹೋಗಲಾರಳು ಎಂಬ ಧೈರ್ಯದಿಂದ ಹೇಳಿದ ಮಾತು ಅದು. ಅವನಿಗೆ ನನ್ನ ಅತ್ತೆಯ ವಿಷಯ ಗೊತ್ತಿರಲಿಲ್ಲ.

ನನ್ನ ಅತ್ತೆ ಆ ಹೊತ್ತಿಗಾಗಲೇ ಕಾಶಿಯಾತ್ರೆಯ ಬಸ್ಸಿಗೆ ಹೆಸರು ಬರೆಸಿದ್ದರು. ಮುದ್ದೇಬಿಹಾಳದಿಂದ ಹೊರಟು, ಬಸವನ ಬಾಗೇವಾಡಿ, ಸಿಂದಗಿಯ ಮಂದಿಯನ್ನು ಹತ್ತಿಸಿಕೊಂಡು ಇಂಡಿಗೆ ಬರುವ ಬಸ್ಸು. ಕಾಶಿ, ಪ್ರಯಾಗ, ಗಯಾ ಮುಗಿಸಿ ನೇಪಾಳದ ಪಶುಪತಿನಾಥನ ತನಕ. ಅಲ್ಲಿಗೆ ಹೋಗಲು ಪಾಸ್‌ಪೋರ್ಟು ಬೇಡ. ಜೊತೆಗೆ ಯಾರಾದರೂ ಬೇಕು ಎಂದು ಅತ್ತೆ ತಿಂಗಳಿನಿಂದ ಹೇಳುತ್ತಿದ್ದರೂ ನಾನು ಕೆಲಸದ ನೆವ ಹೇಳಿ ತಪ್ಪಿಸಿಕೊಂಡಿದ್ದೆ. ಆ ಸಂಜೆ ನಾನೇ ಹೋಗಿ, "ಅತ್ತೀ, ನಿಮ್ಮ ಜೋಡಿ ನಾ ಬರ್ತೇನಿ," ಎಂದೆ. ಅವರು ನನ್ನ ಮುಖ ನೋಡಿ, "ಏನೋ ಐತಿ ಇದರಾಗ," ಎಂದರು. ಇತ್ತು.

ಕ್ಲಾಸಿನ ಗಂಟಿನಿಂದ ಮುನ್ನೂರು ರೂಪಾಯಿ ತೆಗೆದೆವು. ನಾಲ್ಕು ಮಶೀನಿಗೆ ನಾಲ್ಕು ಡಬ್ಬಿ ತರಬೇಕು. ಗಡಿಯಲ್ಲಿ ಸುಂಕ ಕಟ್ಟಲು ಅರವತ್ತು ಬದಿಗಿಟ್ಟರೆ ಕೊಳ್ಳಲು ಉಳಿಯುವುದು ಇನ್ನೂರಾ ನಲವತ್ತು. ನಾಲ್ಕೂ ಮಶೀನಿನ ಪಾದ ಬಿಚ್ಚಿ, ಎಲ್ಲ ಒಂದೇ ಅಳತೆಯವು ಎಂದು ನೋಡಿ, ಸ್ಕ್ರೂ ಸಮೇತ ಒಂದು ಪಾದವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಡಬ್ಬಿ ನಮ್ಮ ಮಶೀನಿಗೆ ಕೂಡುತ್ತದೋ ಇಲ್ಲವೋ ಎರಡರ ಕಾಲಿನ ಎತ್ತರ ಹೋಲಿಸಿಯೇ ಹೇಳಬಹುದು. ಡಬ್ಬಿ ಓಡಿಸಿ ನೋಡಲು ಕ್ಯಾನ್ವಾಸ್ ಹಚ್ಚಿದ ಅಂಗಿ ಬಟ್ಟೆಯ ತುಂಡುಗಳನ್ನೂ ಇಟ್ಟುಕೊಂಡೆ.

ಆಪಾ ಎಲ್ಲವನ್ನೂ ಸುಮ್ಮನೆ ನೋಡುತ್ತ ಕೂತಿದ್ದರು. ಎಲ್ಲರೂ ಹೋದ ಮೇಲೆ ಅಂಗೈ ಅಗಲದ ಬಿಳಿ ಬಟ್ಟೆಯ ತುಂಡೊಂದನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಮೂರು ಕಾಜಾ. ಕಣ್ಣು ಚೆನ್ನಾಗಿದ್ದಾಗ ಮಾಡಿದವು.

"ಡಬ್ಬಿ ಬಂತಂದ್ರ ನಾ ಯಾಕ ಬೇಕ್ರಿ ಅಕ್ಕೋರ?" ಎಂದರು.

ಹಾಸ್ಟೆಲ್ ಕೆಲಸ ಸಿಗದಿದ್ದರೆ ಹನ್ನೊಂದೂ ಜನರಿಗೆ ಗತಿ ಇಲ್ಲ, ಸಿಕ್ಕರೆ ಆಪಾ ಒಬ್ಬರಿಗೆ ಕೆಲಸ ಇಲ್ಲ. ಇದನ್ನು ನಾನು ರಾತ್ರಿಯೆಲ್ಲ ಯೋಚಿಸಿಯೂ ಬಗೆಹರಿಸಿರಲಿಲ್ಲ.

"ಇರ್ಲಿ ಬಿಡ್ರಿ," ಎಂದು ಅವರೇ ಹೇಳಿದರು. "ಇದಕ್ಕಿಂತ ಕೆಟ್ಟ ಕಾಜಾ ಮಾಡೂ ಡಬ್ಬಿ ಮಾತ್ರ ತರಬ್ಯಾಡ್ರಿ. ಇದನ್ನ ಮುಂದ ಇಟಗೊಂಡು ನೋಡ್ರಿ."

ಯಾತ್ರೆಯ ಮೊದಲ ಹನ್ನೆರಡು ದಿನಗಳ ವಿಷಯ ಬರೆಯುವುದಿಲ್ಲ. ಅತ್ತೆ ಗಂಗೆಯಲ್ಲಿ ಮುಳುಗಿದರು, ನಾನು ಅವರ ಚೀಲ ಕಾದೆ, ಕಡಕ್ ರೊಟ್ಟಿ ಶೇಂಗಾ ಚಟ್ನಿ ಗಯೆಯ ತನಕ ಬಂತು. ಗಡಿಯ ರಕ್ಸೌಲ್ ದಾಟಿ ಬೆಟ್ಟ ಹತ್ತತೊಡಗಿದ ಮೇಲೆ ಬಸ್ಸಿನ ಅರ್ಧ ಜನ ಕಿಟಕಿಯಿಂದ ತಲೆ ಹೊರಗೆ ಹಾಕಿದವರು ಒಳಗೆ ತರಲಿಲ್ಲ. ಶುಕ್ರವಾರ ಬೆಳಿಗ್ಗೆ ಕಠ್ಮಂಡು ತಲುಪಿದೆವು. ಭಾನುವಾರ ನಸುಕಿಗೆ ಬಸ್ಸು ಹೊರಡುತ್ತದೆ, ಯಾರಿಗೂ ಕಾಯುವುದಿಲ್ಲ ಎಂದು ಮ್ಯಾನೇಜರ್ ಸಾರಿದ. ದರ್ಶನ ಮುಗಿಸಿ ಮಧ್ಯಾಹ್ನ ಪೇಟೆಗೆ ಹೊರಟೆ. ಹಿಂದೆ ತಿರುಗಿ ನೋಡುತ್ತೇನೆ, ಬಸ್ಸಿನ ನಲವತ್ತೂ ಜನ ಬೆನ್ನಿಗೆ ಬರುತ್ತಿದ್ದಾರೆ.

ನಮ್ಮ ಕಡೆಯವರು ಪರದೇಶದ ಪೇಟೆಯಲ್ಲಿ ಒಬ್ಬೊಬ್ಬರೇ ಅಂಗಡಿಗೆ ಹೋಗುವುದಿಲ್ಲ. ಒಬ್ಬರು ಹೊಕ್ಕ ಅಂಗಡಿಗೆ ಎಲ್ಲರೂ ಹೊಗಬೇಕು, ಒಬ್ಬರು ಕೊಂಡದ್ದನ್ನು ಎಲ್ಲರೂ ಕೊಳ್ಳಬೇಕು, ಅದೂ ಅದೇ ಬೆಲೆಗೆ. ಇದಕ್ಕೆ ಮುಂದಾಳು ಮುದ್ದೇಬಿಹಾಳದ ಒಬ್ಬ ಅಡತಿ ಸಾಹುಕಾರರು. ಮಾರ್ಕೆಟ್ ಯಾರ್ಡಿನಲ್ಲಿ ರೈತರ ಕಾಳಿನ ಹರಾಜು ಕೂಗಿ ಕೂಗಿ ರೂಢಿಯಾದ ಗಂಟಲು. ಪಿಸುಮಾತು ಆಡಿದರೂ ಮೂರು ಅಂಗಡಿಗೆ ಕೇಳುತ್ತಿತ್ತು.

ಆರನೆಯ ಅಂಗಡಿಯಲ್ಲಿ ಡಬ್ಬಿ ಕಂಡಿತು. ಹೊಲಿಗೆಯ ಸಾಮಾನು, ಕೊಡೆ, ಟಾರ್ಚು, ಎಲ್ಲ ಇದ್ದ ಅಂಗಡಿ. ಗಾಜಿನ ಕಪಾಟಿನ ತಳದಲ್ಲಿ ಧೂಳು ಹಿಡಿದ ಐದು ಪೆಟ್ಟಿಗೆ, ಮೇಲೆ ಕಾಜಾದ ಚಿತ್ರ. ಆದರೆ ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಮಡಚುವ ಕೊಡೆಗಳಿಗೆ ಮುತ್ತಿಗೆ ಹಾಕಿದ್ದರು. ಅಂಗಡಿಯ ತರುಣ ಮಾಲಕ ಪಾಪದವನು. ಬಾಗೇವಾಡಿಯ ಒಬ್ಬ ಮುದುಕಿಗೆ ಎರಡು ರೂಪಾಯಿ ಇಳಿಸಿಬಿಟ್ಟ. ಕೂಡಲೇ ಉಳಿದವರೆಲ್ಲ ಎರಡು ರೂಪಾಯಿ ಇಳಿಸು ಎಂದರು. ಮೊದಲೇ ಕೊಂಡು ಹೊರಗೆ ನಿಂತಿದ್ದವರು ಒಳಗೆ ಬಂದು ಎರಡು ರೂಪಾಯಿ ವಾಪಸ್ ಕೊಡು ಎಂದರು. ನೇಪಾಳಿ ರೂಪಾಯಿಯೋ ನಮ್ಮ ರೂಪಾಯಿಯೋ ಎಂಬ ಗದ್ದಲ ಬೇರೆ. ಎಲ್ಲ ಮುಗಿಯುವ ಹೊತ್ತಿಗೆ ಅವನ ಮುಖ ಕಲ್ಲಾಗಿತ್ತು.

ಆಗ ನಾನು ಡಬ್ಬಿಯ ಬೆಲೆ ಕೇಳಿದೆ. ಒಂದಕ್ಕೆ ನಮ್ಮ ರೂಪಾಯಿ ನೂರಾ ಹತ್ತು. "ಏಕ್ ದಾಮ್," ಇಳಿಸುವ ಮಾತೇ ಇಲ್ಲ ಎಂದ.

"ಸರೀರಿ ಅಕ್ಕೋರ, ನಾ ಅದೇನಿ," ಎಂದು ಸಾಹುಕಾರರು ಮುಂದೆ ಬಂದು ಐವತ್ತಕ್ಕೆ ಕೇಳಿದರು. ಅವನು ತಲೆ ಅಲ್ಲಾಡಿಸಿದ. ಸಾಹುಕಾರರು ನನ್ನ ಕಿವಿಯಲ್ಲಿ, ಅಂದರೆ ಇಡೀ ಬೀದಿಗೆ ಕೇಳುವಂತೆ, "ನಡ್ರಿ ಹೊರಗ. ತಿರುಗಿ ನೋಡಬ್ಯಾಡ್ರಿ. ಹತ್ತು ಹೆಜ್ಜಿಗೆ ಕರೀತಾನ ನೋಡ್ರಿ," ಎಂದರು.

ನಮ್ಮ ಸಂತೆಯಲ್ಲಿ ಹೀಗೆಯೇ. ಕೊಳ್ಳುವವರು ಬೆನ್ನು ತಿರುಗಿಸಬೇಕು, ಮಾರುವವರು ಕರೆಯಬೇಕು. ನಾನೂ ಒಪ್ಪಿಯೇ ಹೊರಬಂದೆ, ತಪ್ಪು ಅವರೊಬ್ಬರದಲ್ಲ. ಹತ್ತು ಹೆಜ್ಜೆ ಆಯಿತು, ಇಪ್ಪತ್ತಾಯಿತು. ಒಂದು ಚಪ್ಪಲಿ ಅಂಗಡಿಯ ಮುಂದೆ ಸುಮ್ಮನೆ ನಿಂತು ಮತ್ತೆ ಹತ್ತು ಹೆಜ್ಜೆ ಹಾಕಿದೆವು. ಯಾರೂ ಕರೆಯಲಿಲ್ಲ. ಪರದೇಶದವನಿಗೆ ನಮ್ಮ ಸಂತೆಯ ರೀತಿ ತಿಳಿದಿರಬೇಕೆಂದು ನಾವು ಯಾಕೆ ಅಂದುಕೊಂಡೆವೋ.

"ಇವತ್ತ ಒಣಗಲಿ ಮಗ. ನಾಳೆ ಬಂದ್ರ ಮೆತ್ತಗ ಆಗಿರ್ತಾನ," ಎಂದರು ಸಾಹುಕಾರರು. ನಾಳೆ ಶನಿವಾರ. ಪೂರ್ತಿ ಒಂದು ದಿನ ಇದೆಯಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಶನಿವಾರ ಎಂಟು ಗಂಟೆಗೆ ಅತ್ತೆಯೊಬ್ಬರನ್ನೇ ಕರೆದುಕೊಂಡು ಕದ್ದು ಹೊರಟೆ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲ ಬಾಗಿಲೂ ಮುಚ್ಚಿದ್ದವು. ಚಹಾ ಕಾಸುತ್ತಿದ್ದವನನ್ನು ಯಾವಾಗ ತೆಗೆಯುತ್ತಾರೆ ಎಂದು ಕೇಳಿದರೆ ಭಾನುವಾರ ಎಂದ. ನೇಪಾಳದಲ್ಲಿ ವಾರದ ರಜೆ ಶನಿವಾರ. ನಮಗೆ ಅದನ್ನು ಯಾರೂ ಹೇಳಿರಲಿಲ್ಲ, ನಾವು ಯಾರನ್ನೂ ಕೇಳಿರಲಿಲ್ಲ.

ಆ ಅಂಗಡಿಯ ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ಅಷ್ಟು ದೂರ ಬಂದು, ಡಬ್ಬಿಯನ್ನು ಕಣ್ಣಾರೆ ಕಂಡು, ಯಾರದೋ ಜಂಬದ ಮಾತಿಗೆ ಬೆನ್ನು ತಿರುಗಿಸಿ ಬಂದಿದ್ದೆ. ಇಂಡಿಗೆ ಹೋಗಿ ಹನ್ನೊಂದು ಜನರಿಗೆ ಏನು ಹೇಳಲಿ? ಅಳು ಬಂತು. ಅತ್ತೆಯ ಎದುರಿಗೆ ಎಂದೂ ಅತ್ತವಳಲ್ಲ, ಅವತ್ತು ಅತ್ತುಬಿಟ್ಟೆ.

ಅತ್ತೆ ರಸ್ತೆಯ ನಡುವೆ ಹೋಗಿ ನಿಂತು ಮೇಲಿನ ಕಿಟಕಿಯತ್ತ ಮುಖ ಎತ್ತಿ ಅಚ್ಚ ಕನ್ನಡದಲ್ಲಿ ಕೂಗಿದರು.

"ಯಾರದೀರೆವ್ವಾ ಮ್ಯಾಲ? ಕೆಳಗ ಬರ್ರಿ! ನಮ್ಮ ಸೊಸಿ ಅಳಾಕತ್ತಾಳ!"

ಕೆತ್ತನೆಯ ಕಿಟಕಿ ತೆರೆದು ಒಬ್ಬ ಅಜ್ಜಿ ಇಣುಕಿದಳು. ಅಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಕನ್ನಡ ಅವಳಿಗೆ ತಿಳಿಯಲಿಲ್ಲ, ಆದರೆ ಅಳುವ ಸೊಸೆ, ಕೂಗುವ ಅತ್ತೆ ಎಲ್ಲ ದೇಶಕ್ಕೂ ತಿಳಿಯುತ್ತದೆ. ಕೆಳಗೆ ಬಂದಳು. ನೆರೆಮನೆಯವರಿಂದ ಕಲಿತ ನನ್ನ ಹಿಂದಿಯಲ್ಲಿ ಕಾಜಾ, ಡಬ್ಬಿ, ನಾಳೆ ಬಸ್ಸು ಎಂದೆ. ಅಂಗಡಿಯವನು ಇವತ್ತು ಊರಲ್ಲಿಲ್ಲ, ತಾನು ಅವನ ತಾಯಿ ಎಂದಳು. ಹಿಂಬಾಗಿಲಿನಿಂದ ಅಂಗಡಿ ಹೊಕ್ಕು ಐದೂ ಪೆಟ್ಟಿಗೆಗಳನ್ನು ತೆಗೆದಳು. ಮೇಲೆ ಸೊಸೆಯ ಕೈ ಮಶೀನು ಇದೆ, ನೋಡಿಕೋ ಎಂದಳು.

ತಲೆ ಬಗ್ಗಿಸಿ ಹತ್ತುವ ಮೆಟ್ಟಿಲು, ತಲೆ ಬಗ್ಗಿಸಿಯೇ ಕೂಡುವ ಕೋಣೆ. ಕರವಸ್ತ್ರದ ಪಾದ ತೆಗೆದು ಡಬ್ಬಿಯ ಕಾಲಿನ ಪಕ್ಕಕ್ಕೆ ಹಿಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಬಟ್ಟೆಯನ್ನು ಮುಂದೆ ತಳ್ಳುವ ಮಶೀನಿನ ಹಲ್ಲಿಗೆ ಪಟ್ಟಿ ಮುಚ್ಚಿ, ಪಾದ ಬಿಚ್ಚಿ ಡಬ್ಬಿ ಕೂಡಿಸಿ, ಅದರ ಕವಲು ತೋಳನ್ನು ಸೂಜಿಯ ಸ್ಕ್ರೂಗೆ ಸಿಗಿಸಿದೆ. ಸೂಜಿ ಏರಿ ಇಳಿದಂತೆ ಆ ತೋಳು ಏರಿಳಿದು ಒಳಗಿನ ಗಾಲಿಯನ್ನು ತಿರುಗಿಸುತ್ತದೆ, ಗಾಲಿ ಬಟ್ಟೆಯನ್ನು ಆಡಿಸುತ್ತದೆ. ಒಳಗೆ ಹಾಕುವ ಅಚ್ಚು ಬದಲಿಸಿದರೆ ಕಾಜಾದ ಉದ್ದ ಬದಲಾಗುತ್ತದೆ. ಮೊದಲ ಡಬ್ಬಿ ಸರಾಗ ಓಡಿತು. ಎರಡನೆಯದರಲ್ಲಿ ಕೋಟಿನ ದೊಡ್ಡ ಅಚ್ಚು ಮಾತ್ರ ಇತ್ತು. ಮೂರು, ನಾಲ್ಕು ಸರಿ. ಐದನೆಯದರ ಗಾಲಿಗೆ ತುಕ್ಕು ಹತ್ತಿ ಅಲುಗಲೊಲ್ಲದು, ಆದರೆ ಅದರ ಅಚ್ಚುಗಳು ಪೂರ್ತಿ ಇದ್ದವು. ಅವನ್ನು ಎರಡನೆಯದಕ್ಕೆ ಹಾಕಿಕೊಳ್ಳಬಹುದು.

ಪ್ರತಿ ಕಾಜಾವನ್ನೂ ಆಪಾನ ತುಂಡಿನ ಪಕ್ಕದಲ್ಲಿಟ್ಟು ನೋಡಿದೆ. ಡಬ್ಬಿಯದು ಒಪ್ಪವಾಗಿತ್ತು, ಗಟ್ಟಿಯಾಗಿತ್ತು. ಆಪಾನದರ ಹೊಳಪು ಇರಲಿಲ್ಲ, ಆದರೆ ಅವರ ಮುಂದೆ ಇಡಲು ನಾಚಿಕೆಪಡುವಂತಿರಲಿಲ್ಲ. ಅಜ್ಜಿ ಆ ತುಂಡನ್ನು ಎತ್ತಿಕೊಂಡು ಉಗುರಿನಿಂದ ಸವರಿದಳು. ಇದು ಯಾವ ಮಶೀನು ಎಂದು ಕೇಳಿದಳು. ಮಶೀನಲ್ಲ, ಕೈ ಎಂದೆ. ಸೊಸೆಯನ್ನು ಕರೆದು ತೋರಿಸಿದಳು, ಇಬ್ಬರೂ ಬೆಳಕಿಗೆ ಹಿಡಿದು ನೋಡಿದರು. ನನಗೆ ನಮ್ಮ ಆಪಾನ ಮೇಲೆ ಹೆಮ್ಮೆ ಉಕ್ಕಿ ಬಂತು.

ಬೆಲೆ ಮಾತಾಡಲು ಕೆಳಗಿಳಿದರೆ ಅಂಗಡಿಯ ಹಿಂಬಾಗಿಲ ತುಂಬ ನಮ್ಮವರು. ಊರು ನೋಡಲು ಹೊರಟವರು ಅತ್ತೆಯ ಕೂಗು ಕೇಳಿ ಬಂದಿದ್ದರು. ಮುಂದೆ ಸಾಹುಕಾರರು.

"ಎಷ್ಟಂತಾಳ್ರಿ ಮುದುಕಿ? ಸರೀರಿ, ನಾ ಮಾತಾಡ್ತೇನಿ."

"ಬ್ಯಾಡ್ರಿ ಸಾಹುಕಾರ್ರ," ಎಂದೆ. "ನೀವು ನಿನ್ನಿ ಮಾತಾಡಿದ್ದು ಸಾಕು. ಇದು ನನ್ನ ಕೆಲಸ, ನಾ ಮಾಡ್ತೇನಿ." ಅವರು ಬಾಯಿ ಮುಚ್ಚಿದ್ದು ಆ ಯಾತ್ರೆಯಲ್ಲಿ ಅದೇ ಮೊದಲು.

ಆದರೆ ಅಜ್ಜಿ ಆ ಗುಂಪನ್ನು ನೋಡಿದ್ದೇ ತಡ, ಮುಖ ಬಿಗಿದುಕೊಂಡಳು. ಕೊಡೆಯ ಕತೆಯನ್ನು ಮಗ ಹೇಳಿದ್ದಿರಬೇಕು. ಕೈಯಲ್ಲಿ ಅದೇ ಕೊಡೆ ಹಿಡಿದು ನಿಂತ ನಲವತ್ತು ಜನರ ಎದುರು ಒಂದು ರೂಪಾಯಿ ಇಳಿಸಿದರೂ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. "ಬೇಟಾ ಜೋ ಬೋಲಾ, ವಹೀ. ಏಕ್ ದಾಮ್," ಎಂದಳು, ಮಗ ಹೇಳಿದ್ದೇ ಬೆಲೆ ಎಂದು. ನೂರಾ ಹತ್ತರ ಲೆಕ್ಕದಲ್ಲಿ ನನ್ನ ಹಣಕ್ಕೆ ಎರಡೇ ಡಬ್ಬಿ. ಅಜ್ಜಿಗೆ ಇಳಿಸುವ ಮನಸ್ಸಿದೆ ಎಂದು ಅವಳ ಕಣ್ಣು ಹೇಳುತ್ತಿತ್ತು, ಧೂಳು ಹಿಡಿದ ಪೆಟ್ಟಿಗೆಗಳೂ ಹೇಳುತ್ತಿದ್ದವು. ಅಡ್ಡ ಬಂದದ್ದು ನಮ್ಮವರ ಎಂಬತ್ತು ಕಿವಿ.

ಆಗ ನನಗೆ ಅಪ್ಪನ ನೆನಪಾಯಿತು.

ನನ್ನ ತವರು ಸಿಂದಗಿ ತಾಲೂಕಿನ ಕನ್ನೊಳ್ಳಿ. ಅಪ್ಪ ದನದ ಸಂತೆಯ ದಲ್ಲಾಳಿ. ಎತ್ತಿನ ಸುತ್ತ ನೂರು ಜನ ನಿಂತಿರುತ್ತಿದ್ದರು. ಅಪ್ಪ ಹೆಗಲ ಮೇಲಿನ ಟವೆಲ್ ಅನ್ನು ಮಾರುವವನ ಕೈ ಮತ್ತು ತನ್ನ ಕೈಯ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಕೇಳುತ್ತಿದ್ದ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು, ಬಿಟ್ಟು ಮತ್ತೆ ಒಂದು ಹಿಡಿದರೆ ಆರು. ಒಲ್ಲೆ ಎಂದರೆ ಕೈ ಕೊಡವಬೇಕು, ಒಪ್ಪಿದರೆ ಗಟ್ಟಿಯಾಗಿ ಒತ್ತಬೇಕು. ಬೆಲೆ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ತಿಳಿಯುವುದಿಲ್ಲ. ಚಿಕ್ಕವಳಿದ್ದಾಗ ನಾನು ಹಟ ಮಾಡಿದರೆ ಅಪ್ಪ ನನ್ನ ಕೈಯನ್ನು ಟವೆಲಿನ ಕೆಳಗೆ ಹಿಡಿದು ಈ ಆಟ ಆಡಿಸುತ್ತಿದ್ದ. ಒಂದೇ ಒಂದು ನಿಯಮ ಕಲಿಸಿದ್ದ: ಟವೆಲಿನ ಕೆಳಗೆ ಕುದುರಿದ ಬೆಲೆಯನ್ನು ಆಮೇಲೆ ಬಾಯಿಂದ ಯಾರಿಗೂ ಹೇಳಬಾರದು.

ನಾನು ಉಟ್ಟದ್ದು ಇಳಕಲ್ ಸೀರೆ. ಕೆಳಗೆ ಕೂತು, ಕೆಂಪು ಸೆರಗನ್ನು ಬಿಚ್ಚಿ ಗಲ್ಲೆಯ ತಗ್ಗು ಹಲಗೆಯ ಮೇಲೆ ಹರಡಿ ಅದರ ಕೆಳಗೆ ಕೈ ಚಾಚಿದೆ.

"ಅಯ್ಯ ಇದೇನ!" ಎಂದು ಅತ್ತೆ ಹೌಹಾರಿದರು. "ಎತ್ತ ಕೊಳ್ಳಾಕ ಬಂದಿಯೇನ ಇಲ್ಲಿ? ಮಂದಿ ನೋಡಾಕತ್ತಾರ, ಸೆರಗ ಹೊತಗೋ."

ನಾನು ಕೈ ತೆಗೆಯಲಿಲ್ಲ. ಅಜ್ಜಿ ನನ್ನ ಮುಖ ನೋಡಿದಳು, ಸೆರಗು ನೋಡಿದಳು. ಇವಳಿಗೆ ಹುಚ್ಚು ಎಂದುಕೊಂಡಳೇನೋ ಎಂದು ನನಗೇ ಅನಿಸಿತು. ಆಮೇಲೆ ಅವಳ ಬೊಚ್ಚು ಬಾಯಿ ಅಗಲವಾಯಿತು.

"ಲ್ಹಾಸಾ!" ಎಂದು ಕೈ ತಟ್ಟಿ ನಕ್ಕಳು.

ಅವಳ ಗಂಡ ಹನ್ನೆರಡು ವರ್ಷ ಟಿಬೇಟಿನ ಲ್ಹಾಸಾದಲ್ಲಿ ವ್ಯಾಪಾರ ಮಾಡಿದವನಂತೆ. ಅಲ್ಲಿನವರು ಉಣ್ಣೆಯ ಬೆಲೆಯನ್ನು ಉದ್ದ ತೋಳಿನ ನಿಲುವಂಗಿಯೊಳಗೆ ಕೈ ತೂರಿಸಿ ಬೆರಳಿನಲ್ಲೇ ಮಾತಾಡುತ್ತಾರಂತೆ. ಗಂಡ ಊರಿಗೆ ಬಂದಾಗ ಅವಳಿಗೆ ಕಲಿಸಿದ್ದ. ನನ್ನಪ್ಪ ಸಿಂದಗಿಯ ಸಂತೆಯಲ್ಲಿ, ಅವಳ ಗಂಡ ಹಿಮದ ಆಚೆ. ಇಬ್ಬರೂ ಒಂದೇ ಆಟ ಕಲಿಸಿ ಹೋಗಿದ್ದರು. ಅಜ್ಜಿ ನನಗೆದುರಾಗಿ ಕಾಲು ಮಡಚಿ ಕೂತು ಸೆರಗಿನೊಳಗೆ ಕೈ ಇಟ್ಟಳು. ಒಣಗಿದ, ಬೆಚ್ಚಗಿನ, ಚುರುಕು ಕೈ.

ನಮ್ಮ ಹತ್ತು ರೂಪಾಯಿಯ ಒಂದು ನೋಟನ್ನು ಗಲ್ಲೆಯ ಮೇಲಿಟ್ಟೆ, ಮಾತು ನಮ್ಮ ರೂಪಾಯಿಯಲ್ಲಿ, ಬೆರಳಿಗೆ ಹತ್ತು ಎಂದು ತಿಳಿಯಲಿ ಎಂದು. ಐದು ಪೆಟ್ಟಿಗೆಗಳನ್ನೂ ಒಟ್ಟಿಗೆ ಸರಿಸಿ ಇಟ್ಟೆ. ಬಿಡಿಬಿಡಿ ಅಲ್ಲ, ತುಕ್ಕಿನದೂ ಸೇರಿ ಪೂರ್ತಿ ಗಂಟು. ಮೊದಲು ನಾನು ಬೆರಳು ಹಿಡಿದೆ. ಅವಳು ಹಾವು ಮುಟ್ಟಿದವಳಂತೆ ಕೊಡವಿದಳು. ಅವಳು ಹಿಡಿದದ್ದಕ್ಕೆ ನಾನು ಕೊಡವಿದೆ. ತುಕ್ಕಿನ ಡಬ್ಬಿಯನ್ನು ಎಡಗೈಯಿಂದ ತೋರಿಸಿ ಮತ್ತೆ ಹಿಡಿದೆ. ಅವಳು ಒಂದು ಬೆರಳು ಬಿಟ್ಟುಕೊಟ್ಟಳು. ಮೇಲೆ ಸೆರಗು ಒಳಗೆ ಬೆಕ್ಕಿನ ಮರಿ ಹೊಕ್ಕಂತೆ ಕುಲುಕುತ್ತಿತ್ತು. ನಲವತ್ತು ಜನ ಕೊರಳು ಚಾಚಿ ನಿಂತಿದ್ದರು. ಮಾರ್ಕೆಟ್ ಯಾರ್ಡಿನ ಸಾಹುಕಾರರೂ ಸೆರಗನ್ನು ದಿಟ್ಟಿಸಿ ನೋಡಿದ್ದೇ ಬಂತು, ಅವರಿಗೆ ಏನೂ ಹೊಳೆಯಲಿಲ್ಲ. ನನಗೆ ಆಗ ಅನಿಸಿದ ಖುಷಿಯನ್ನು ಮುಚ್ಚಿಡುವುದಿಲ್ಲ. ಜನ್ಮದಲ್ಲಿ ಅಂಥ ಖುಷಿ ಎರಡೋ ಮೂರೋ ಸಲ ಆಗಿರಬೇಕು.

ಕೊನೆಗೆ ನಾನು ಒಂದು ಮೊತ್ತ ಹಿಡಿದು ಬಿಡದೆ ಕೂತೆ. ಅಜ್ಜಿ ಕೊಡವಲಿಲ್ಲ, ಒತ್ತಲೂ ಇಲ್ಲ. ಇನ್ನೊಂದು ಕೈಯಿಂದ ಆಪಾನ ತುಂಡನ್ನು ತೋರಿಸಿದಳು. ಅದನ್ನು ಪೂರ್ತಿ ಕೊಡುವಂತಿರಲಿಲ್ಲ. ಕತ್ತರಿ ಕೇಳಿ ಇಸಿದುಕೊಂಡು ಮೂರರಲ್ಲಿ ಒಂದು ಕಾಜಾವನ್ನು ಜೋಪಾನವಾಗಿ ಕತ್ತರಿಸಿ ಅವಳ ಮುಂದೆ ಇಟ್ಟೆ. ಅವಳು ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿದಳು. ಹಣವನ್ನೂ ಸೆರಗಿನ ಕೆಳಗೇ ಕೊಟ್ಟೆ.

ಎಷ್ಟಕ್ಕೆ ಎಂದು ಇಲ್ಲಿಯೂ ಬರೆಯುವುದಿಲ್ಲ. ಇನ್ನೂರಾ ನಲವತ್ತು ಮುಟ್ಟಲಿಲ್ಲ, ಅದರ ಹತ್ತಿರವೂ ಹೋಗಲಿಲ್ಲ ಎಂದಷ್ಟೇ ಹೇಳುತ್ತೇನೆ. ಉಳಿದದ್ದರಲ್ಲಿ ಅಲ್ಲಿಯೇ ಸೂಜಿ, ರೀಲುಗಳನ್ನು ಕೊಂಡೆ, ಹೇಳಿದ ಬೆಲೆಗೆ, ಎಲ್ಲರೆದುರಿಗೆ.

"ಎಷ್ಟಕ್ಕಾತ್ರಿ ಅಕ್ಕೋರ?" ಎಂದು ಶುರುವಾದದ್ದು ಇಂಡಿಯ ತನಕ ನಿಲ್ಲಲಿಲ್ಲ. ಸಾಹುಕಾರರು ತಮ್ಮ ಅಂದಾಜು ಹೇಳಿ ನನ್ನ ಮುಖ ನೋಡುತ್ತಿದ್ದರು. ಅತ್ತೆ ಬೆಟ್ಟ ಇಳಿಯುವ ತನಕ ನನ್ನ ಜೊತೆ ಮಾತು ಬಿಟ್ಟರು. ಸ್ವಂತ ಸೊಸೆ ಬೆಲೆ ಮುಚ್ಚಿಡುವುದು ಅವರಿಗೆ ಯಾತ್ರೆಯ ಪುಣ್ಯವನ್ನೇ ಅರ್ಧ ಮಾಡಿತ್ತು. ರಕ್ಸೌಲಿನ ಸುಂಕದ ಕಟ್ಟೆಯಲ್ಲಿ ನಾನೇ ಪೆಟ್ಟಿಗೆಗಳನ್ನು ತೆಗೆದು ಮೇಜಿನ ಮೇಲಿಟ್ಟೆ. ಇದೇನು ಎಂದು ಅಧಿಕಾರಿ ಕೇಳಿದಾಗ ಅವರ ಅಂಗಿಯ ಕಾಜಾ ತೋರಿಸಿಯೇ ಹೇಳಬೇಕಾಯಿತು. ಅವರು ಸುಂಕ ಬರೆದು ಪಾವತಿ ಚೀಟಿ ಕೊಟ್ಟರು. ಬದಿಗಿಟ್ಟ ಅರವತ್ತರೊಳಗೇ ಮುಗಿಯಿತು.

ಊರಿಗೆ ಬಂದು ನಮ್ಮ ಕಾಲು ಮಶೀನಿಗೆ ಡಬ್ಬಿ ಕೂಡಿಸಿದ ದಿನ ಕಾಜಾ ಸುಕ್ಕುಗಟ್ಟಿತು. ಕಠ್ಮಂಡುವಿನಲ್ಲಿ ಒಪ್ಪವಾಗಿ ಬಂದದ್ದು ಇಲ್ಲಿ ಒಣ ಮೆಣಸಿನಕಾಯಿಯಂತೆ ಮುದುಡಿಕೊಂಡಿತು. ಸೂಜಿ ಬದಲಿಸಿದೆ, ಅಚ್ಚು ಬದಲಿಸಿದೆ, ಎಣ್ಣೆ ಹಾಕಿದೆ. ಎರಡು ದಿನ ಹೋಯಿತು. ಮರುದಿನ ಸಾಹೇಬರ ಐವತ್ತು ಅಂಗಿಯ ಅರಿವೆ ಬಂದು ಬಿತ್ತು. ನಾಲ್ಕು ದಿನದ ಎಣಿಕೆ ಶುರು. ಹೆಂಗಸರು ನನ್ನ ಮುಖ ನೋಡದೆ ಕೆಲಸ ಮಾಡುತ್ತಿದ್ದರು. ನನ್ನ ಸಿಟ್ಟು ನೆತ್ತಿಗೇರಿತ್ತು, ಒಂದು ಅಚ್ಚನ್ನು ಗೋಡೆಗೆ ಎಸೆದೆ ಕೂಡ.

ಮೂಲೆಯಲ್ಲಿ ಕೂತಿದ್ದ ಆಪಾ, "ಒಂದ ಕಾಜಾ ಇಲ್ಲೆ ಕೊಡ್ರಿ," ಎಂದರು.

ಕೊಟ್ಟೆ. ಅವರು ಕಣ್ಣು ಮುಚ್ಚಿಕೊಂಡು ತಿರುವಿ, ಹಿಂಭಾಗದಲ್ಲಿ ಉಗುರು ಎಳೆದರು. "ಮ್ಯಾಲಿನ ದಾರ ಸಡ್ಲ ಐತಿ, ಕೆಳಗಿಂದು ಬಿಗದೈತ್ರಿ. ಕೆಳಗಿನ ದಾರ ಬಟ್ಟೀನ ಎಳ್ಯಾಕತ್ತೈತಿ. ಬಾಬಿನ್ ಪೆಟಗಿ ಸ್ಕ್ರೂ ಕಾಲ ಸುತ್ತ ಬಿಡ್ರಿ."

ಬಿಟ್ಟೆ. ಮುಂದಿನ ಕಾಜಾ ಚಪ್ಪಟೆಯಾಗಿ, ಒಪ್ಪವಾಗಿ ಬಂತು. ನಾನು ಎರಡು ದಿನ ಕಣ್ಣರಳಿಸಿ ಹುಡುಕಿದ್ದನ್ನು ಅವರು ಕಣ್ಣು ಮುಚ್ಚಿ ಹುಡುಕಿದ್ದರು. ಆ ಕ್ಷಣವೇ ನನಗೆ ರಾತ್ರಿಯೆಲ್ಲ ಬಗೆಹರಿಯದ್ದು ಬಗೆಹರಿಯಿತು. ಈ ಡಬ್ಬಿ ನಡೆಸಲು ಕಣ್ಣು ಬೇಡ. ಬಟ್ಟೆಯ ಅಂಚನ್ನು ಬೆರಳಿನಿಂದ ತಡವಿ ಗೆರೆಗೆ ಕೂಡಿಸಬೇಕು, ಡಬ್ಬಿಯ ಮೇಲಿನ ಗುಂಡಿ ತಿರುವಿ ಗಾಲಿಯನ್ನು ಶುರುವಿನ ಜಾಗಕ್ಕೆ ತರಬೇಕು, ಕಟ್ ಎಂದಾಗ ಕಾಲು ತುಳಿಯಬೇಕು. ಎರಡು ಸುತ್ತು ಮುಗಿದದ್ದು ಕಿವಿಗೇ ಗೊತ್ತಾಗುತ್ತದೆ. "ಆಪಾ, ಮಶೀನಿಗೆ ಕೂಡ್ರಿ," ಎಂದೆ. ಅವರು ಇಲ್ಲ ಎನ್ನುತ್ತಲೇ ಬಂದು ಕೂತರು.

ಆಮೇಲೆ ನಾಲ್ಕೂ ಮಶೀನು ಒಟ್ಟಿಗೆ ಓಡಿದವು. ಮೂವರು ಹೆಂಗಸರು ತಲಾ ಒಂದು ಡಬ್ಬಿಯಲ್ಲಿ ಮಾಡಿದಷ್ಟನ್ನೂ ಆಪಾ ಬೆರಳಾಡಿಸಿ ನೋಡಿ, ಸೋತದ್ದನ್ನು ಹಿಂದಕ್ಕೆ ಎಸೆಯುತ್ತಿದ್ದರು, ತಮ್ಮ ಡಬ್ಬಿಯನ್ನೂ ನಿಲ್ಲಿಸುತ್ತಿರಲಿಲ್ಲ. ಮೂರನೆಯ ದಿನ ಸಂಜೆ ಐದಕ್ಕೆ ಐವತ್ತನೆಯ ಅಂಗಿಗೆ ಇಸ್ತ್ರಿ ಬಿತ್ತು. ಒಂದು ದಿನ ಮೊದಲೇ.

ಸಾಹೇಬರು ಎಲ್ಲ ಅಂಗಿಗಳನ್ನೂ ಮೇಜಿನ ಮೇಲೆ ಹರಡಿಸಿದರು. ಒಂದನ್ನೆತ್ತಿ ಕಾಜಾದೊಳಗೆ ಎರಡೂ ಹೆಬ್ಬೆರಳು ಹಾಕಿ ಹರಿಯುವಂತೆ ಎಳೆದರು. ಇನ್ನೊಂದನ್ನು ಎಳೆದರು, ಮತ್ತೊಂದನ್ನು. ದಾರ ಅಲುಗಲಿಲ್ಲ.

"ಎಲ್ಲಾ ಅಂಗಿ ನೀವ ಹೊಲೀರಿ ಅಕ್ಕೋರ," ಎಂದರು. ಅಂಗಿ ಮಡಚಿಡುತ್ತ, "ಆ ಡಬ್ಬಿಗೆ ಎಷ್ಟ ಕೊಟ್ರಿ?" ಎಂದರು. ನಾನು ಕೈ ಮುಗಿದು ಹೊರಬಂದೆ.

ಕ್ಲಾಸಿಗೆ ಬಂದು ಸುದ್ದಿ ಹೇಳಿದಾಗ ಎದ್ದ ಗದ್ದಲಕ್ಕೆ ಪಕ್ಕದ ಹಿಟ್ಟಿನ ಗಿರಣಿಯವನು ಗಿರಣಿ ನಿಲ್ಲಿಸಿ ಬಂದು ನೋಡಿದ. ಎಲ್ಲ ಅಡಗಿದ ಮೇಲೆ ಆಪಾನಿಗೆ ಅವರ ತುಂಡನ್ನು ಹಿಂದಿರುಗಿಸಿದೆ. ಅವರು ಬೆರಳಾಡಿಸಿದರು, ಇನ್ನೊಮ್ಮೆ ಆಡಿಸಿದರು.

"ಎರಡ ಅದಾವಲ್ರಿ. ಮೂರ ಕೊಟ್ಟಿದ್ದೆ."

"ಒಂದು ಕಠ್ಮಂಡದಾಗ ಐತ್ರಿ ಆಪಾ."

"ಅಲ್ಲೇನ ಮಾಡಾಕತ್ತೈತಿ? ಅದಿರ್ಲಿ, ನನಗರೆ ಖರೇ ಹೇಳ್ರಿ, ಎಷ್ಟಕ್ಕ ತಂದ್ರಿ?"

ಬಾಯಿಂದ ಹೇಳಬಾರದು ಎಂದಿದ್ದ ಅಪ್ಪ. ನಾನು ಅವರ ಪಕ್ಕ ಕೂತು, ಕೆಂಪು ಸೆರಗನ್ನು ನಮ್ಮಿಬ್ಬರ ಕೈಯ ಮೇಲೆ ಹೊದಿಸಿ, ಯಾವ ಬೆರಳಿಗೆ ಎಷ್ಟು ಎಂದು ಕಿವಿಯಲ್ಲಿ ಹೇಳಿಕೊಟ್ಟು, ಒಂದೊಂದೇ ಹಿಡಿದೆ. ಅವರು ಎಣಿಸುತ್ತ ಹೋದರು. ಬೆರಳು ಬೇಗನೆ ಮುಗಿದವು.

"ಇಷ್ಟ?" ಎಂದರು, ನಂಬಿಕೆ ಬಾರದೆ.

"ಇಷ್ಟು. ಮತ್ತ ನಿಮ್ಮ ಒಂದು ಕಾಜಾ," ಎಂದು ಅವರ ಕೈಯನ್ನು ಗಟ್ಟಿಯಾಗಿ ಒತ್ತಿದೆ.